ಅಕ್ಕಿಮುಡಿಯಿಂದ ಮನಿಯಾರ್ಡರಿಗೆ

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕಾಫಿ ಹೊಟೇಲನ್ನು ಹೊಕ್ಕು ಕುಳಿತವರು ಬಹುಕಾಲದವರೆಗೆ ‘ಮಾಣಿ’ ಎಂದು ಕೂಗಿ ತಮಗೆ ಬೇಕಾದುದನ್ನು ತರಿಸಿಕೊಳ್ಳುತ್ತಿದ್ದರು. ಆ ಶಬ್ದವು ಎಲ್ಲಿಂದ ಬಂದಿತೆಂದು ವಿಚಾರಿಸಿದವರು ವಿರಳ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ. ತಾಯಿಯು ತನ್ನ ಮಗನನ್ನು ಅಕ್ಕರೆಯಿಂದ ಕರೆಯುವ ಮಾತು. ಅದೇ ಶಬ್ದವು ಘಟ್ಟವನ್ನು ಹತ್ತಿ ನಗರಕ್ಕೆ ಬಂದಾಗ ಒಂದು ಉದ್ಯೋಗದ ಹೆಸರಾಯಿತು. ಮನೆಯ ಮಗನು ಪರವೂರಿನ ಸಂಬಳದಾಳಾದನು. ಈ ಸಣ್ಣ ಶಬ್ದದ ಪ್ರಯಾಣದಲ್ಲಿ ಒಂದು ದೊಡ್ಡ ಚರಿತ್ರೆಯು ಅಡಗಿದೆ. ಈ ಹೊತ್ತು ನಾವು ವಿಚಾರ ಮಾಡತಕ್ಕ ವಿಷಯವು ಅದೇ.

ಯಂತ್ರಯುಗವು ಜನಜೀವನವನ್ನು ಹೇಗೆ ಮಾರ್ಪಡಿಸಿತೆಂದು ಕೇಳಿದರೆ ವಿದ್ಯಾವಂತರು ಸಾಮಾನ್ಯವಾಗಿ ಇಂಗ್ಲೆಂಡನ್ನೋ ಅಮೆರಿಕವನ್ನೋ ತೋರಿಸುವರು. ಅದು ತಪ್ಪಲ್ಲ. ಆದರೆ ಆ ಮಾರ್ಪಾಟು ನಮ್ಮ ಪಡುವಣ ಕರಾವಳಿಯ ಗದ್ದೆಬಯಲುಗಳನ್ನೂ ಮುಟ್ಟಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಒಂದರಿಂದ ಇನ್ನೊಂದು ತಿಳಿಯಾಗುತ್ತದೆ. ಆದುದರಿಂದ ಮೊದಲು ಅಮೆರಿಕದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆವು.

1800ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರಜೆಗಳಲ್ಲಿ ನೂರಕ್ಕೆ ಸುಮಾರು 6 ಮಂದಿ ಮಾತ್ರ ಪಟ್ಟಣವಾಸಿಗಳಾಗಿದ್ದರು. 1900ರ ವೇಳೆಗೆ ಆ ಸಂಖ್ಯೆಯು 40ರ ಹತ್ತಿರಕ್ಕೆ ಬಂದಿತು. 1825ರಲ್ಲಿ ಈರಿ ಕಾಲುವೆಯು ತೆರೆದು, ಪಶ್ಚಿಮದ ಬಯಲುಸೀಮೆಯ ಗೋಧಿಯು ಅಗ್ಗವಾಗಿ ಪೂರ್ವತೀರಕ್ಕೆ ಬರತೊಡಗಿತು. ಪೂರ್ವದ ಕಲ್ಲುಭೂಮಿಯ ಒಕ್ಕಲಿಗರು ಅದರೊಡನೆ ಸ್ಪರ್ಧಿಸುವುದು ಕಷ್ಟವಾಯಿತು. ಅದೇ ಕಾಲಕ್ಕೆ, 1823ರಿಂದ, ಮೆರಿಮ್ಯಾಕ್ ನದಿಯ ದಡದಲ್ಲಿ ಲೋವೆಲ್ ಎಂಬ ಊರಿನ ಹತ್ತಿಯ ಗಿರಣಿಗಳು ತಿರುಗಲಾರಂಭಿಸಿದುವು. ಅಲ್ಲಿ ದುಡಿದವರು ಮುಖ್ಯವಾಗಿ ಒಕ್ಕಲು ಮನೆಗಳ ಹೆಣ್ಣುಮಕ್ಕಳು. ಅವರು ಗಿರಣಿಯ ವಸತಿಗೃಹದಲ್ಲಿ ಇದ್ದು, ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿದರು. ತಮ್ಮ ಸಂಬಳದಲ್ಲಿ ಒಂದು ಪಾಲನ್ನು ಊರಿಗೆ ಕಳುಹಿಸಿ ತಂದೆಯ ಸಾಲವನ್ನೋ ತಮ್ಮನ ಓದಿನ ವೆಚ್ಚವನ್ನೋ ತೀರಿಸಿದವರು ಅನೇಕರು. ಕೂಲಿಯನ್ನು ಇಳಿಸಿದಾಗ, ವಸತಿಯ ದರವನ್ನು ಏರಿಸಿದಾಗ, 1834ರಲ್ಲಿಯೂ 1836ರಲ್ಲಿಯೂ ಅವರು ಮಗ್ಗವನ್ನು ಬಿಟ್ಟು ಹೊರಗೆ ಬಂದರು. ಬಳಿಕ ಉಗಿಬಂಡಿಯ ಕಾಲ. 1860ರಲ್ಲಿ ಸುಮಾರು 30 ಸಾವಿರ ಮೈಲಿಗಳಷ್ಟಿದ್ದ ಅಮೆರಿಕದ ರೈಲುದಾರಿಯು 1900ರಲ್ಲಿ 1 ಲಕ್ಷ 90 ಸಾವಿರ ಮೈಲಿಗಳನ್ನು ಮೀರಿತು.

ಇದರಲ್ಲಿ ಯಂತ್ರದ ಚಮತ್ಕಾರವೇ ನಮ್ಮ ಕಣ್ಣನ್ನು ಸೆಳೆಯುತ್ತದೆ. ಆದರೆ ಮನೆಯೊಳಗಣ ಜೀವನವನ್ನು ಬದಲಾಯಿಸಿದುದು ಮತ್ತೊಂದು ವಸ್ತು. ಮನೆಮಂದಿಯೆಲ್ಲ ಕೂಡಿ ದುಡಿದು, ಬೆಳೆದುದನ್ನು ಒಂದೇ ಕಣಜಕ್ಕೆ ತುಂಬುತ್ತಿದ್ದವರಲ್ಲಿ, ಈಗ ಒಬ್ಬಳು ಮಗಳು ದೂರದ ಊರಿನಲ್ಲಿ ತನ್ನ ಹೆಸರಿಗೆ, ತನ್ನ ಕೈಗೆ, ನಾಣ್ಯದ ರೂಪದಲ್ಲಿ ಸಂಬಳವನ್ನು ಪಡೆದಳು. ಕಣಜದ ಧಾನ್ಯಕ್ಕೆ ಹೆಸರಿಲ್ಲ, ಸಂಬಳಕ್ಕೆ ಹೆಸರುಂಟು. ಈ ಒಂದು ಸೂತ್ರವನ್ನು ಹಿಡಿದುಕೊಂಡು ಇನ್ನು ನಮ್ಮ ಕರಾವಳಿಗೆ ಬರೋಣ.

ಕುಂದಾಪುರವು ಮೂರು ಕಡೆಯೂ ನೀರಿನಿಂದ ಸುತ್ತುವರಿದ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಅದರ ಬಳಿಯಲ್ಲಿ ಕೂಡಿ, ಪಂಚಗಂಗಾವಳಿಯೆಂಬ ಹೆಸರಿನಿಂದ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ಒಳನಾಡಿನ ಅಕ್ಕಿಯು ದೋಣಿಗಳಲ್ಲಿ ಇಳಿದುಬಂದು, ಇಲ್ಲಿಂದ ಮಚವೆಗಳನ್ನೇರಿ ಪರಸ್ಥಳಗಳಿಗೆ ಹೋಗುತ್ತಿತ್ತು. ವಾರಾಹಿಯ ದಡದ ಬಸರೂರು ಅಕ್ಕಿಯ ವ್ಯಾಪಾರದಿಂದಲೇ ಪೋರ್ತುಗೀಜರ ಕಣ್ಣಿಗೆ ಬಿದ್ದ ಹಳೆಯ ರೇವು. ಆ ನಾಡಿನ ನಿಜವಾದ ನಾಣ್ಯವು ಅಕ್ಕಿಮುಡಿ. ಬೈಹುಲ್ಲನ್ನು ಹೊದಿಸಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಗುಂಡಗೆ ಕಟ್ಟಿದ ಅಕ್ಕಿಯ ಮೂಟೆಗೆ ಮುಡಿಯೆಂದು ಹೆಸರು. ಒಕ್ಕಲು ಧಣಿಗೆ ಕೊಡತಕ್ಕ ಗೇಣಿಯು ಮುಡಿಗಳ ಲೆಕ್ಕದಲ್ಲಿ. ದೇವಸ್ಥಾನದ ಸಲ್ಲಿಕೆಯು ಮುಡಿಗಳ ಲೆಕ್ಕದಲ್ಲಿ. ಆಳಿನ ಕೂಲಿಯು ಸೇರು ಭತ್ತದ ಲೆಕ್ಕದಲ್ಲಿ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕನ್ನಡ ಜಿಲ್ಲೆಯು ಕಂಪನಿಯ ವಶವಾಗಿ, ಥಾಮಸ್ ಮನ್ರೋ ಅದರ ಮೊದಲನೆಯ ಕಲೆಕ್ಟರನಾದನು. ಭೂಮಿಯ ಒಡೆತನವು ವರ್ಗದಾರರದೆಂದು ದಾಖಲಾಯಿತು. ಅವರ ಕೆಳಗೆ, ಗೊತ್ತಾದ ಗೇಣಿಯನ್ನು ಕೊಟ್ಟು ತಲೆಮಾರುಗಳವರೆಗೆ ಉಳುವ ಮೂಲಗೇಣಿದಾರರು. ಧಣಿಯ ಇಷ್ಟದವರೆಗೆ ಮಾತ್ರ ನಿಲ್ಲತಕ್ಕ ಚಾಲಗೇಣಿದಾರರು. ಎಲ್ಲರಿಗಿಂತಲೂ ಕೆಳಗೆ, ಭೂಮಿಗೂ ಧಣಿಗೂ ಹುಟ್ಟಿನಿಂದಲೇ ಕಟ್ಟುಬಿದ್ದಿದ್ದ ಮೂಲದಾಳುಗಳು. ಆ ಹಳೆಯ ಕಾಲವು ಸುಖದ ಕಾಲವಾಗಿತ್ತೆಂದು ಯಾರಾದರೂ ಹೇಳಿದರೆ, ಯಾರ ಸುಖವೆಂದು ಕೇಳುವುದು ನ್ಯಾಯ.

ಇಂತಹ ನಾಡಿಗೆ ಅಮೆರಿಕವು ಮೊದಲು ಬಂದುದು ಹತ್ತಿಯ ಮೂಲಕ. ಅದೂ ಹತ್ತಿಯನ್ನು ಬೆಳೆಯದ ನಾಡಿಗೆ. ಇದು ವಿಚಿತ್ರವಾಗಿ ಕಂಡೀತು, ಸ್ವಲ್ಪ ವಿವರಿಸುವೆವು. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳು ತಮಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ, ಅಂದರೆ ಗುಲಾಮರ ದುಡಿಮೆಯಿಂದ, ಪಡೆಯುತ್ತಿದ್ದುವು. ಒಂದೇ ಬಾವಿಯನ್ನು ನಂಬಿ ಇರುವುದು ಅಪಾಯವೆಂದು ಮ್ಯಾಂಚೆಸ್ಟರಿನ ವರ್ತಕರು 1850ರ ದಶಕದಲ್ಲಿಯೇ ಮನಗಂಡು ಧಾರವಾಡದ ಕಡೆಗೆ ತಿರುಗಿದರು. ಅಲ್ಲಿ 1840ರ ದಶಕದಿಂದಲೂ ಅಮೆರಿಕದ ಹತ್ತಿಯ ತಳಿಯು ಬೇರೂರಿತ್ತು. ಆದರೆ ಆ ಹತ್ತಿಯನ್ನು ಘಟ್ಟದಿಂದ ಇಳಿಸಿ ಹಡಗಿಗೇರಿಸಲು ಕಾರವಾರದ ರೇವು ಬೇಕಾಗಿತ್ತು. ಹತ್ತಿಯು ಮುಂಬಯಿ ಪ್ರಾಂತದಲ್ಲಿ, ರೇವು ಮದರಾಸು ಪ್ರಾಂತದಲ್ಲಿ! ವರ್ತಕರ ಒತ್ತಾಯವು ಬೆಳೆಯಿತು. 1860ರ ಸುಮಾರಿಗೆ ಕನ್ನಡ ಜಿಲ್ಲೆಯು ಉತ್ತರ, ದಕ್ಷಿಣಗಳೆಂದು ಎರಡಾಯಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಕುಂದಾಪುರ ತಾಲ್ಲೂಕು ದಕ್ಷಿಣದೊಡನೆ ಮದರಾಸಿನಲ್ಲಿಯೇ ಉಳಿಯಿತು. ಆಗ ಅಮೆರಿಕದಲ್ಲಿ ಅಂತರ್ಯುದ್ಧವು ನಡೆಯುತ್ತಿತ್ತು. ಲ್ಯಾಂಕಶೈರಿನಲ್ಲಿ ಹತ್ತಿಯ ಬರವು ತಲೆದೋರಿತ್ತು.

ಬೈಂದೂರಿನಿಂದ ಉತ್ತರಕ್ಕೆ ಸಾಗಿ, ಶಿರೂರನ್ನು ದಾಟಿ ಭಟ್ಕಳದ ದಾರಿಯನ್ನು ಹಿಡಿದವರು ಈಗ ಒಂದು ಜಿಲ್ಲೆಯಿಂದ ಮತ್ತೊಂದು ಜಿಲ್ಲೆಗೆ ಹೋಗುತ್ತಾರೆ. 1862ರಿಂದ 1956ರವರೆಗೆ ಅದು ಎರಡು ಪ್ರಾಂತಗಳ ಮೇರೆಯಾಗಿತ್ತು. ಅತ್ತಣ ನೆಂಟನು ಮುಂಬಯಿ ಸರಕಾರದ ಪ್ರಜೆ, ಇತ್ತಣ ನೆಂಟನು ಮದರಾಸು ಸರಕಾರದ ಪ್ರಜೆ. ಒಂದೇ ಕಡಲು, ಒಂದೇ ಮಳೆ, ಒಂದೇ ನುಡಿ ಇದ್ದ ತೀರವು ದೂರದ ಗಿರಣಿಗಳ ಹಸಿವಿಗಾಗಿ ಹೀಗೆ ಎರಡು ಹೋಳಾಯಿತು.

ಎರಡನೆಯದಾಗಿ ಅಮೆರಿಕವು ಬಂದುದು ಸೀಮೆಎಣ್ಣೆಯ ಡಬ್ಬಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಎಣ್ಣೆಯು ಹಿಂದೂದೇಶದ ಬಂದರುಗಳಲ್ಲಿ ಇಳಿಯಿತು. ಕರಾವಳಿಯವರು ಅದನ್ನು ಚಿಮಣಿ ಎಣ್ಣೆಯೆಂದರು. ಹೊನ್ನೆಯೆಣ್ಣೆಯ, ತೆಂಗಿನೆಣ್ಣೆಯ ಹಣತೆಗಳ ಪಕ್ಕದಲ್ಲಿ ಚಿಮಣಿಯ ಬುಡ್ಡಿಯು ಬಂದಿತು. ಮನೆಯ ಹಿತ್ತಲಿನ ಎಣ್ಣೆಗೆ ದುಡ್ಡು ಬೇಡ. ಅಂಗಡಿಯ ಎಣ್ಣೆಗೆ ದುಡ್ಡೇ ಬೇಕು. ಮುಡಿಯ ನಾಡಿನಲ್ಲಿ ಕಾಸಿನ ಅವಶ್ಯಕತೆಯು ಹೀಗೆ ದೀಪದ ಬೆಳಕಿನಲ್ಲಿಯೇ ಒಳಗೆ ಹೊಕ್ಕಿತು.

ಇನ್ನು ಕಾರ್ಖಾನೆಯ ಮಾತು. ಲೋವೆಲ್ಲಿನ ಗಂಟೆಯ ಸದ್ದು ನಮ್ಮಲ್ಲಿ ಕೇಳಿಬಂದುದು ಹೆಂಚಿನ ಕಾರ್ಖಾನೆಗಳಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಕುಲಕಸುಬನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿ ಕೈಗಾರಿಕೆಗಳನ್ನು ಆರಂಭಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. 1886ರಲ್ಲಿ ಬ್ರಹ್ಮಾವರದ ನೆರೆಯ ಮಲ್ಪೆಯಲ್ಲಿ ಇನ್ನೊಂದು ಆಯಿತು. ಕ್ರಮೇಣ ದೇಶೀಯ ಬಂಡವಳಿಗರೂ ಮುಂದೆ ಬಂದು, ಕುಂದಾಪುರದ ಹೊಳೆಯ ದಡಗಳಲ್ಲಿಯೂ ಕಾರ್ಖಾನೆಗಳ ಹೊಗೆಗೂಡುಗಳು ಎದ್ದುವು. ಇಲ್ಲಿಯ ಅನುಕೂಲವು ಸ್ಪಷ್ಟವಾದುದು: ನದೀಬಯಲಿನ ಅಂಟುಮಣ್ಣು, ಒಳನಾಡಿನ ಕಾಡಿನ ಸೌದೆ, ಎರಡನ್ನೂ ತರುವುದಕ್ಕೆ ದೋಣಿ, ಸಿದ್ಧವಾದ ಹೆಂಚನ್ನು ಒಯ್ಯುವುದಕ್ಕೆ ಮಚವೆ. ಮಣ್ಣನ್ನು ಹದಮಾಡಿ ಯಂತ್ರದಲ್ಲಿ ಅರೆದು, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವರು. ಮಣ್ಣು ಹೊರುವುದು, ಹಸಿಯ ಹೆಂಚನ್ನು ಸಾಲುಸಾಲಾಗಿ ಜೋಡಿಸುವುದು ಬಹುಮಟ್ಟಿಗೆ ಹೆಂಗಸರ ಪಾಲಿನ ಕೆಲಸವಾಯಿತು.

ಈ ಹೆಂಚು ವರ್ಷವರ್ಷವೂ ಹುಲ್ಲು ಹೊದಿಸುವ ಕಷ್ಟವನ್ನು ತಪ್ಪಿಸಿತು. ಬೆಂಕಿಯ ಭಯವನ್ನು ಕಡಮೆಮಾಡಿತು. ಅದಕ್ಕಿಂತಲೂ ಮುಖ್ಯವಾದುದು ಇನ್ನೊಂದುಂಟು. ಗದ್ದೆಯಲ್ಲಿ ಕೆಲಸವು ಮಳೆಯನ್ನೂ ಹೊತ್ತನ್ನೂ ನೋಡಿ ನಡೆಯುತ್ತಿತ್ತು. ಕೂಲಿಯು ಭತ್ತವಾಗಿ ಸೆರಗಿಗೆ ಬೀಳುತ್ತಿತ್ತು. ಕಾರ್ಖಾನೆಯಲ್ಲಿ ಕೆಲಸವು ಗಡಿಯಾರವನ್ನು ನೋಡಿ ನಡೆಯಿತು. ಕೂಲಿಯು ಕಾಸಾಗಿ ಅಂಗೈಗೆ ಬಿದ್ದಿತು. ಧಣಿಯ ಅಂಗಳದಲ್ಲಿ ಬಗ್ಗಿ ನಿಂತು ಪಡೆದ ಸೇರು ಭತ್ತಕ್ಕೂ, ಹೆಸರು ಕರೆದಾಗ ಮುಂದೆ ಹೋಗಿ ಎಣಿಸಿಕೊಂಡ ನಾಲ್ಕು ಕಾಸಿಗೂ ಇರುವ ಭೇದವನ್ನು ಅದನ್ನು ಪಡೆದವರೇ ಬಲ್ಲರು. ಇಪ್ಪತ್ತನೆಯ ಶತಮಾನದಲ್ಲಿ ಗೇರುಬೀಜದ ಕಾರ್ಖಾನೆಗಳು ಬಂದು ಇದೇ ಕ್ರಮವನ್ನು ಮುಂದುವರಿಸಿದುವು. ಕರಾವಳಿಯ ಹೆಂಗಸರು ಸುಲಿದ ಗೇರುಬೀಜವನ್ನು ಬಹುಕಾಲ ಹೆಚ್ಚಾಗಿ ಕೊಂಡವರು ಅಮೆರಿಕದವರೇ. ಬೀಜದ ಸೊನೆಯಿಂದ ಕಪ್ಪಾದ ಬೆರಳುಗಳ ಸುದ್ದಿಯು ಅಲ್ಲಿಯವರೆಗೆ ಹೋಗಿರಲಾರದು.

ಆದರೆ ಅಮೆರಿಕಕ್ಕೂ ಕುಂದಾಪುರಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಅಲ್ಲಿ ರೈಲು ಹಳ್ಳಿಯ ಬಾಗಿಲಿಗೆ ಬಂದು, ಅದರ ಹಿಂದೆಯೇ ಕಾರ್ಖಾನೆಗಳೂ ನಗರಗಳೂ ಬಂದುವು. ನಮ್ಮ ಕರಾವಳಿಯಲ್ಲಿ ರೈಲು 1907ರಲ್ಲಿ ದಕ್ಷಿಣದಿಂದ ಮಂಗಳೂರನ್ನು ಮುಟ್ಟಿ ಅಲ್ಲಿಯೇ ನಿಂತಿತು. ಹೆಜ್ಜೆಹೆಜ್ಜೆಗೂ ಹೊಳೆ, ಹೊಳೆಹೊಳೆಗೂ ಕಡವು. ಕೆಲವು ಹೆಂಚಿನ ಕಾರ್ಖಾನೆಗಳನ್ನು ಬಿಟ್ಟರೆ ಯಂತ್ರಯುಗವು ಇಲ್ಲಿಗೆ ಬರಲಿಲ್ಲ. ಅದನ್ನು ಹುಡುಕಿಕೊಂಡು ಇಲ್ಲಿಯ ಮಕ್ಕಳೇ ಹೋದರು.

ಮೊದಲು ಹೋದುದು ಘಟ್ಟದ ಮೇಲಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನ ಕಾಫಿಯ ತೋಟಗಳು ಬೆಳೆದಾಗ, ಮೇಸ್ತ್ರಿಗಳು ಮುಂಗಡವನ್ನು ಕೊಟ್ಟು ಕರಾವಳಿಯ ಬಡವರನ್ನು ಕರೆದೊಯ್ದರು. ಅನೇಕರಿಗೆ ಅದು ಒಬ್ಬ ಧಣಿಯ ಕಟ್ಟಿನಿಂದ ಇನ್ನೊಬ್ಬ ಧಣಿಯ ಸಾಲಕ್ಕೆ ಬಿದ್ದಂತಾಯಿತು. ಆಮೇಲೆ ಮುಂಬಯಿ. 1854ರಲ್ಲಿ ಮೊದಲನೆಯ ಹತ್ತಿಯ ಗಿರಣಿಯು ಸ್ಥಾಪನೆಯಾದ ಆ ನಗರವು, ಅಮೆರಿಕದ ಯುದ್ಧಕಾಲದ ಹತ್ತಿಯ ಲಾಭದಿಂದ ಬೆಳೆದು, ಲಕ್ಷಾಂತರ ಕಾರ್ಮಿಕರ ಊರಾಯಿತು. ಅಷ್ಟು ಮಂದಿಗೆ ಅನ್ನ ಬೇಯಿಸಿ ಹಾಕುವವರು ಬೇಕಷ್ಟೆ. ಕುಂದಾಪುರ, ಉಡುಪಿ ಸೀಮೆಯ ಹುಡುಗರು ಕಡಲದಾರಿಯಿಂದ ಅಲ್ಲಿಗೆ ಹೋದರು; ಇನ್ನು ಕೆಲವರು ಘಟ್ಟವನ್ನು ಹತ್ತಿ ಬೆಂಗಳೂರು, ಮೈಸೂರುಗಳಿಗೆ ಬಂದರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಅಂತಹ ಒಬ್ಬರ ಹೆಸರು ಉಳಿದರೆ, ತಟ್ಟೆ ತೊಳೆದು ಹಿಟ್ಟಿನ ಮೂಟೆಯ ಮೇಲೆ ಮಲಗಿದ ಸಾವಿರಾರು ಮಾಣಿಗಳ ಹೆಸರು ಉಳಿಯಲಿಲ್ಲ.

ಆದರೂ ಅವರು ಸುಮ್ಮನೆ ಕಾಲ ಕಳೆದವರಲ್ಲ. ಲೋವೆಲ್ಲಿನ ಹೆಣ್ಣುಮಕ್ಕಳು 1840ರಲ್ಲಿ ತಮ್ಮದೇ ಬರಹಗಳ ಪತ್ರಿಕೆಯನ್ನು ಹೊರಡಿಸಿದಂತೆ, ಮುಂಬಯಿಯ ನಮ್ಮವರು ರಾತ್ರಿಯ ಶಾಲೆಗಳನ್ನು ಕಟ್ಟಿದರು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿ ರಾತ್ರಿಶಾಲೆಯನ್ನು ಆರಂಭಿಸಿತು. ಹಗಲೆಲ್ಲ ದುಡಿದ ಹುಡುಗರು ರಾತ್ರಿ ದೀಪದ ಮುಂದೆ ಕುಳಿತು ಅಕ್ಷರ ಕಲಿತರು. ಊರಿನಲ್ಲಿ ಶಾಲೆಯ ಜಗಲಿಯನ್ನು ಹತ್ತದವರ ಮಕ್ಕಳಿಗೂ ನಗರದ ಬೀದಿಯಲ್ಲಿ ಹಲಗೆ ಬಳಪಗಳು ದೊರೆತುವು.

ಹಿಂದೂದೇಶದ ಅಂಚೆಯ ಮನಿಯಾರ್ಡರು ಪ್ರಾರಂಭವಾದುದು 1880ರಲ್ಲಿ. ನಮ್ಮ ಕರಾವಳಿಯ ಚರಿತ್ರೆಯಲ್ಲಿ ಉಗಿಯಂತ್ರಕ್ಕಿಂತಲೂ ಈ ಕಾಗದದ ಚೀಟಿಯೇ ಹೆಚ್ಚಿನ ಕ್ರಾಂತಿಯನ್ನು ಮಾಡಿತೆಂದು ನಮ್ಮ ಅಭಿಪ್ರಾಯ. ಆಟಿ ತಿಂಗಳ ಮಳೆಯಲ್ಲಿ, ಕಣಜವು ಬರಿದಾಗಿರುವಾಗ, ಅಂಚೆಯವನು ಹೊಳೆ ದಾಟಿ ಬಂದು ತಾಯಿಯ ಕೈಯಲ್ಲಿ ಐದು ರೂಪಾಯಿಗಳನ್ನಿಟ್ಟು, ಚೀಟಿಯ ಕೊನೆಯ ಎರಡು ಸಾಲನ್ನು ತಾನೇ ಓದಿ ಹೇಳಿ, ಅವಳ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಹೋಗುತ್ತಿದ್ದನು. ಆ ಹಣದಿಂದ ಗೇಣಿಯ ಬಾಕಿಯು ತೀರಿತು, ಹುಲ್ಲಿನ ಮಾಡಿಗೆ ಹೆಂಚು ಬಂದಿತು, ತಂಗಿಯ ಮದುವೆಯಾಯಿತು. ಹಣದ ಜೊತೆಯಲ್ಲಿಯೇ ಒಂದು ಪ್ರಶ್ನೆಯೂ ಬಂದಿತು: ಇದು ಯಾರ ಹಣ?

ಈ ಪ್ರಶ್ನೆಯ ತೀಕ್ಷ್ಣತೆಯು ತಿಳಿಯಬೇಕಾದರೆ ಅಳಿಯಸಂತಾನದ ಕಟ್ಟನ್ನು ನೆನೆಯಬೇಕು. ಬಂಟ, ಬಿಲ್ಲವ, ಮೊಗವೀರ ಮುಂತಾದ ಅನೇಕ ಸಮುದಾಯಗಳಲ್ಲಿ ಕುಟುಂಬವು ತಾಯಿಯ ಕಡೆಯಿಂದ ಹರಿಯುತ್ತಿತ್ತು. ಆಸ್ತಿಯು ಕುಟುಂಬದ್ದು, ಎಲ್ಲರ ಒಪ್ಪಿಗೆಯಿಲ್ಲದೆ ಪಾಲಿಲ್ಲ. ಗಂಡಸಿನ ವಾರಸುದಾರರು ಅವನ ಹೆಂಡತಿ ಮಕ್ಕಳಲ್ಲ, ಅಕ್ಕತಂಗಿಯರ ಮಕ್ಕಳು. ಹೆಣ್ಣಿಗೆ ತಾನು ಹುಟ್ಟಿದ ಮನೆಯು ಸಾಯುವವರೆಗೂ ತನ್ನ ಮನೆಯೇ. ಅಕ್ಕಿಮುಡಿಯ ಕಾಲಕ್ಕೆ ಈ ಕಟ್ಟು ಹೊಂದಿತ್ತು. ಏಕೆಂದರೆ ಮುಡಿಯು ಎಲ್ಲರೂ ಕೂಡಿ ದುಡಿದುದು. ಆದರೆ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಒಬ್ಬನೇ ಬೆಂದು ಗಳಿಸಿದ ಹಣವು, ತಾನು ಸಾಕಿದ ಮಕ್ಕಳಿಗೆ ಸೇರದೆ ಊರಿನ ಕುಟುಂಬಕ್ಕೆ ಸೇರಬೇಕೆಂದರೆ ಮನಸ್ಸು ಒಪ್ಪುವುದು ಹೇಗೆ? ಒಪ್ಪದಿದ್ದರೆ, ಆ ಹಣವನ್ನು ನಂಬಿಕೊಂಡು ಊರಿನಲ್ಲಿ ಗದ್ದೆಯನ್ನು ಕಾಯ್ದ ಅಕ್ಕನ ಗತಿಯೇನು? ಎರಡು ಕಡೆಯೂ ನ್ಯಾಯವಿತ್ತು. ಆದುದರಿಂದಲೇ ವ್ಯಾಜ್ಯಗಳು ಅಷ್ಟು ಕಹಿಯಾದುವು.

ಅಮೆರಿಕದಲ್ಲಿಯೂ ಸಂಬಳವು ಕುಟುಂಬದ ಧರ್ಮವನ್ನು ತಿದ್ದಿತು. ಆದರೆ ಬೇರೆ ದಿಕ್ಕಿನಲ್ಲಿ. ಅಲ್ಲಿ ಮದುವೆಯಾದ ಹೆಂಗಸಿನ ಸೊತ್ತು ಗಂಡನದೆಂಬ ಹಳೆಯ ನಿಯಮವಿತ್ತು. ನ್ಯೂಯಾರ್ಕ್ ಸಂಸ್ಥಾನವು 1848ರಲ್ಲಿ ಅವಳ ಆಸ್ತಿಯನ್ನೂ 1860ರಲ್ಲಿ ಅವಳ ಸಂಪಾದನೆಯನ್ನೂ ಅವಳದೆಂದು ಒಪ್ಪಿತು. ಇಲ್ಲಿ 1949ರಲ್ಲಿ ಮದರಾಸಿನ ಅಳಿಯಸಂತಾನದ ಕಾಯಿದೆಯು ಪಾಲಿಗೂ ಉತ್ತರಾಧಿಕಾರಕ್ಕೂ ನಿಯಮವನ್ನು ಮಾಡಿತು. 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು. ಅಲ್ಲಿಯ ಹೆಂಗಸು ತನ್ನ ಸಂಬಳದಿಂದ ಸ್ವಂತ ನೆಲೆಯನ್ನು ಪಡೆದಳು. ಇಲ್ಲಿಯ ಹೆಂಡತಿಯೂ ಮಕ್ಕಳೂ ಗಂಡನ ಸಂಪಾದನೆಯಲ್ಲಿ ಹಕ್ಕನ್ನು ಪಡೆದರು. ಆದರೆ ಹುಟ್ಟಿದ ಮನೆಯೇ ತನ್ನ ಮನೆಯೆಂದು ಹೇಳುವ ಅಕ್ಕತಂಗಿಯರ ಧೈರ್ಯವು ಕುಂದಿತು. ಲಾಭನಷ್ಟಗಳೆರಡನ್ನೂ ಒಂದೇ ಪುಟದಲ್ಲಿ ಬರೆಯತಕ್ಕದ್ದು.

ಗಳಿಸಿದ ಕಾಸನ್ನು ಇಡುವುದೆಲ್ಲಿ? 1906ರಲ್ಲಿ ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಒಂದೊಂದು ಬ್ಯಾಂಕು ಹುಟ್ಟಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಅವರು ಕೈಮಗ್ಗದ ನೇಕಾರರ ನೆರವಿಗಾಗಿ 8,000 ರೂಪಾಯಿಗಳ ಬಂಡವಳದಿಂದ ಉಡುಪಿಯಲ್ಲಿ ಇನ್ನೊಂದನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಈ ಸಂಸ್ಥೆಯು ತನ್ನ ಮೊದಲನೆಯ ಶಾಖೆಯನ್ನು ಸ್ಥಾಪಿಸಿದುದು ಬ್ರಹ್ಮಾವರದಲ್ಲಿ, 1928ರಲ್ಲಿ. ಅದೇ ವರ್ಷ ಪಿಗ್ಮಿ ಠೇವಣಿಯೂ ಆರಂಭವಾಯಿತು: ಬ್ಯಾಂಕಿನವನು ದಿನದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಎತ್ತಿಕೊಂಡು ಹೋಗುವನು. ಮೀನು ಮಾರುವವಳಿಗೂ ಒಂದು ಲೆಕ್ಕದ ಪುಸ್ತಕವು, ಅದರ ಮೇಲೆ ಅವಳ ಹೆಸರು! ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಎರಡಾಣೆಯನ್ನು ಗೌರವಿಸುವ ಆ ಪಾಠವು ಮಾತ್ರ ದೇಶದಲ್ಲೆಲ್ಲ ಹರಡಿತು.

ಕೊನೆಗೆ ಭೂಮಿಯ ಪ್ರಶ್ನೆ. ಹಿಂದೂದೇಶದಲ್ಲಿ 1843ರ ಕಾಯಿದೆಯು ದಾಸ್ಯಕ್ಕೆ ನ್ಯಾಯಾಲಯದ ಮನ್ನಣೆಯನ್ನು ತಪ್ಪಿಸಿತು. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿಯು ರದ್ದಾಯಿತು. ಎರಡು ಕಡೆಯೂ ಬಿಡುಗಡೆಯಾದವನ ಕೈಗೆ ಭೂಮಿಯು ಬರಲಿಲ್ಲ. ಅಮೆರಿಕದಲ್ಲಿ ಆ ವರ್ಷದ ಆರಂಭದಲ್ಲಿ ಬಿಡುಗಡೆಯಾದವರಿಗೆ ನಲವತ್ತು ಎಕರೆಗಳವರೆಗಿನ ತುಂಡುಗಳನ್ನು ಹಂಚಲು ಹೊರಡಿಸಿದ್ದ ಆಜ್ಞೆಯನ್ನು ಅದೇ ವರ್ಷದಲ್ಲಿ ಹಿಂದಕ್ಕೆ ಪಡೆದರು. ಹಳೆಯ ಗುಲಾಮನು ಹಳೆಯ ಧಣಿಯ ಹೊಲದಲ್ಲಿಯೇ ವಾರದ ಬೇಸಾಯಗಾರನಾದನು. ಇಲ್ಲಿ ಮೂಲದಾಳು ಕೂಲಿಯಾಳಾದನು. ಆದರೆ ಇಲ್ಲಿಯ ಗೇಣಿದಾರರ ಕಥೆಯು ಬೇರೆಯ ಮುಕ್ತಾಯವನ್ನು ಕಂಡಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯು ಗೇಣಿಯ ಪದ್ಧತಿಯನ್ನೇ ಅಳಿಸಿ, ಉಳುವವನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯು ತುಂಬಿದ್ದ ಈ ಕರಾವಳಿಯಲ್ಲಿ ಅದರ ಪರಿಣಾಮವು ವಿಶೇಷವಾಗಿತ್ತು. ಅಕ್ಕಿಮುಡಿಯನ್ನು ಹೊತ್ತು ಧಣಿಯ ಅಂಗಳಕ್ಕೆ ಹೋಗುತ್ತಿದ್ದವರು ಅದನ್ನು ತಮ್ಮ ಅಟ್ಟಕ್ಕೆ ಏರಿಸಿದರು. ಎರಡೇ ಗದ್ದೆಗಳನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಪರವೂರಿನ ನೌಕರರೂ ಅವನ್ನು ಕಳೆದುಕೊಂಡರು. ಗೇಣಿಯ ಚೀಟಿಯೇ ಇಲ್ಲದ ಕೂಲಿಯಾಳಿಗೆ ಮನೆಯ ಅಡಿಯ ನೆಲವು ದೊರೆತರೂ ಗದ್ದೆಯು ಸಿಕ್ಕಲಿಲ್ಲ. ಆ ಲೆಕ್ಕವು ಇನ್ನೂ ಮುಗಿದಿಲ್ಲ.

ಕೊಂಕಣ ರೈಲುದಾರಿಯು 1998ರಲ್ಲಿ ಪೂರ್ಣವಾಯಿತು. ಬಾರ್ಕೂರು, ಕುಂದಾಪುರ, ಬೈಂದೂರುಗಳಲ್ಲಿ ಈಗ ರೈಲು ನಿಲ್ಲುತ್ತದೆ. ಅಮೆರಿಕದ ಎರಡು ಸಮುದ್ರಗಳನ್ನು ಕೂಡಿಸಿದ ದಾರಿಯು 1869ರಲ್ಲಿ ಮುಗಿದಿತ್ತು. ನಮ್ಮ ಮಕ್ಕಳು ಒಂದೂಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಡಗನ್ನೂ ಬಸ್ಸನ್ನೂ ನಂಬಿ ಹೋಗಿ ಬಂದರು. ರೈಲು ಬಂದುದರಿಂದ ಹೋಗುವುದು ನಿಂತಿತೇ? ನಿಲ್ಲಲಿಲ್ಲ, ಸುಲಭವಾಯಿತು. ಕೋಟದವರೇ ಆದ ಶಿವರಾಮ ಕಾರಂತರು ಮೂರು ತಲೆಮಾರುಗಳ ಕಥೆಯನ್ನು ಹೇಳಿ ಅದಕ್ಕೆ ‘ಮರಳಿ ಮಣ್ಣಿಗೆ’ ಎಂದು ಹೆಸರಿಟ್ಟರು. ಮರಳಿದವರು ಕೆಲವರು, ಮರಳಬೇಕೆಂದು ಹಂಬಲಿಸಿದವರು ಎಲ್ಲರೂ.

ದೇಶದ ಐಶ್ವರ್ಯವನ್ನು ರೈಲುದಾರಿಯ ಮೈಲಿಗಳಿಂದಲೂ ಗಿರಣಿಯ ಕದಿರುಗಳಿಂದಲೂ ಅಳೆಯುವುದುಂಟು. ಅದರ ಬೆಲೆಯನ್ನು ಅಳೆಯುವುದಕ್ಕೆ ಬೇರೊಂದು ಕೋಲು ಬೇಕು. ಲೋವೆಲ್ಲಿನ ಮಗಳು ‘ಗಿರಣಿಯ ಹುಡುಗಿ’ಯಾದಂತೆ, ಕುಂದಾಪುರದ ಮಗನು ಹೊಟೇಲಿನ ಮಾಣಿಯಾದನು. ಇಬ್ಬರೂ ತಮ್ಮ ಮನೆಯನ್ನು ಎತ್ತಿ ನಿಲ್ಲಿಸಿದರು. ಇಬ್ಬರೂ ಆ ಮನೆಯಿಂದ ದೂರವಾದರು. ಮುಂದೆ ಯಾವಾಗಲಾದರೂ ನಮ್ಮ ಮುಂದೆ ಕಾಫಿಯ ಲೋಟವನ್ನಿಟ್ಟು ಹೋಗುವ ಹುಡುಗನನ್ನು ಕರೆಯಬೇಕಾದಾಗ, ಆ ಹೆಸರನ್ನು ಮೊದಲು ಯಾರು, ಯಾವ ದನಿಯಲ್ಲಿ ಕರೆದರೆಂಬುದನ್ನು ನೆನೆದುಕೊಂಡರೆ, ಈ ಹೊತ್ತಿನ ನಮ್ಮ ಮಾತು ಸಾರ್ಥಕವಾಯಿತೆಂದು ತಿಳಿಯುವೆವು.